ಬಲಗಡೆಯ ಬಿಳಿ ಮಚ್ಚೆ

ಕಾಡಿಗೆ ಬೆಂಕಿ ಬೀಳುವ ಕಾಲ ಶುರುವಾಗುವ ಮುಂಚೆ ತೋಲ್ಪೆಟ್ಟಿಯ ಫಾರೆಸ್ಟ್ ವಾಚರ್‌ಗಳಿಗೆಲ್ಲ ಎಕ್ಸ್‌ರೇ ತೆಗೆಸಿದರು. ಬೆಂಕಿ ಆರಿಸುವ ಗುಂಪಿನ ಮೇಸ್ತ್ರಿ ಚಾತುವಿನ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಬಿಳಿ ಮಚ್ಚೆ ಕಾಣಿಸಿತು. ಗುಡ್ಡ ಹತ್ತುವಾಗ ಹರೆಯದವರನ್ನೂ ಹಿಂದೆ ಹಾಕುವ ಆಸಾಮಿ ಅವನು. ಆದರೂ ಫಾರೆಸ್ಟರ್ ಭಾಸ್ಕರನ್ ಹೇಳಿಬಿಟ್ಟ: "ಅದು ಏನಂತ ಗೊತ್ತಾಗೋ ತನಕ ನೀನು ಮೇಸ್ತ್ರಿ ಅಲ್ಲ. ಟಿ.ಬಿ. ಆಗಿದ್ರೆ ಎಲ್ಲರಿಗೂ ಹತ್ತುತ್ತೆ."

"ಹಂಗಾದ್ರೆ ಮೊದಲು ನನ್ನ ಹೆಂಡತಿಗೆ ಹತ್ತಬೇಕಿತ್ತು ಸಾರೆ. ಅವಳಿಗೆ ಜಗಳಕ್ಕೆ ಬೇಕಾದಷ್ಟು ಉಸಿರಿದೆ" ಎಂದ ಚಾತು.

ಕಫದಲ್ಲಿ ಟಿ.ಬಿ. ಸಿಗಲಿಲ್ಲ. ಮಾತ್ರೆ ನುಂಗಿದರೂ ಮಚ್ಚೆ ಕರಗಲಿಲ್ಲ. ಮಾನಂತವಾಡಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಆತಿರ ಸಿ.ಟಿ. ಮಾಡಿಸಿ ದಾಖಲು ಮಾಡಿಕೊಂಡರು. ಕ್ಯಾನ್ಸರ್ ಗಡ್ಡೆಯೂ ಇರಬಹುದು, ಕೋಝಿಕ್ಕೋಡಿಗೆ ಕಳಿಸಿ ಬೆನ್ನಿಗೆ ಸೂಜಿ ಹಾಕಿಸಿ ಚೂರು ತೆಗೆಸಬೇಕು ಎಂದರು. ಸೂಜಿಗೆ ಚಾತು ಹೆದರಲಿಲ್ಲ. ಆದರೆ ಕ್ಯಾನ್ಸರ್ ಎಂಬ ಮಾತು ಕಾಡಿನ ಹಾಡಿಗೆ ತಲುಪಿತೆಂದರೆ ಮೇಸ್ತ್ರಿತನ ಅದೇ ಗುಂಪಿನಲ್ಲಿ ಕಾಯುತ್ತಿದ್ದ ವಿಜಯನ್ ಪಾಲು, ಅದು ಖಾತ್ರಿ.

"ಬೇರೆ ಏನಾದರೂ ಔಷಧಿ ತಗೊಳ್ತೀರಾ?" ಡಾಕ್ಟರ್ ಮಲಯಾಳದಲ್ಲಿ ಕೇಳಿದರು.

"ಹುಟ್ಟಿದಾಗಿಂದ ಇಲ್ಲ."

ಅಷ್ಟರಲ್ಲಿ ಪಕ್ಕದ ತೋಟದಲ್ಲಿ ಯಾರೋ ತರಗೆಲೆಗೆ ಬೆಂಕಿ ಇಟ್ಟರು. ಕಿಟಕಿಯಿಂದ ಹೊಗೆ ಬಂತು. ಚಾತು ಚೀಲದಿಂದ ಸೀಸೆ ತೆಗೆದು, ತಲೆ ಹಿಂದಕ್ಕೆ ಬಾಗಿಸಿ, ಮೂಗಿನ ಎರಡೂ ಹೊಳ್ಳೆಗೆ ಕೊಬ್ಬರಿ ಎಣ್ಣೆ ಸುರಿದುಕೊಂಡ.

"ಇದೇನು?"

"ಎಣ್ಣೆ. ಹೊಗೆ ಅದರಲ್ಲೇ ಅಂಟ್ಕೊಳ್ಳುತ್ತೆ, ಒಳಗೆ ಹೋಗಲ್ಲ. ಕಾಡಲ್ಲಿ ಬೆಂಕಿ ಹೊಡೆದು ಆರಿಸೋರೆಲ್ಲ ಹಾಕ್ತೀವಿ."

"ಇವರದು ಮೂಗಲ್ಲ ಡಾಕ್ಟ್ರೇ, ಬಾಣಲೆ" ಎಂದಳು ಹೆಂಡತಿ ಪದ್ಮಾಕ್ಷಿ. "ವರ್ಷ ಪೂರ್ತಿ ದಿನಾ ಮಲಗೋವಾಗ ಬೇರೆ ಹಾಕ್ತಾರೆ. ನನಗೆ ಒಗ್ಗರಣೆಗೆ ಉಳಿಯಲ್ಲ."

ಆತಿರ ನಗಲಿಲ್ಲ. ಹೋಗಿ ಸಿ.ಟಿ. ಮತ್ತೆ ನೋಡಿದರು. ಮಚ್ಚೆಯೊಳಗೆ ಅಲ್ಲಲ್ಲಿ ಕಪ್ಪು ಜಾಗಗಳಿದ್ದವು. ಮೊದಲ ಸಲ ಅದನ್ನು ಸತ್ತ ಮಾಂಸ ಎಂದುಕೊಂಡಿದ್ದರು. ಈಗ ಅಳೆದು ನೋಡಿದರೆ ಕೊಬ್ಬು, ಎಣ್ಣೆಯಂಥ ಜಿಡ್ಡು.

"ಶ್ವಾಸಕೋಶಕ್ಕೆ ನೀರು ಇಳಿದರೆ ಕೆಮ್ಮು ಬಂದು ಆಚೆ ಹಾಕುತ್ತೆ. ಎಣ್ಣೆ ಸದ್ದಿಲ್ಲದೆ ಇಳಿದು ಅಲ್ಲೇ ಕೂರುತ್ತೆ. ಇದು ಅದೇ ಅಂತ ನನ್ನ ಅಂದಾಜು. ಕೊಳವೆ ಇಳಿಸಿ ತೊಳೆದು ನೋಡಬೇಕು" ಎಂದರು ವಾಪಸ್ ಬಂದು.

"ತೊಳೀರಿ. ನನಗೆ ಕಾಯಿಲೆ ಇಲ್ಲ ಅಂತ ನಾನು ಹೇಳಿದ್ದೆನಲ್ಲ."

"ಕಾಯಿಲೆ ಇದೆ. ನೀವೇ ಮಾಡಿಕೊಂಡಿದ್ದು."

ಚಾತು ಸೀಸೆಗೆ ಬಿರಡೆ ಹಾಕಿ ಚೀಲಕ್ಕೆ ತುರುಕಿದ.

ತೊಳೆದ ನೀರು ಹಾಲಿನಂತೆ ಬಂತು, ಮೇಲೆ ಎಣ್ಣೆ ತೇಲಿತು. ಕ್ಯಾನ್ಸರ್ ಸಿಗಲಿಲ್ಲ. ಸೂಜಿ ಸದ್ಯಕ್ಕೆ ಬೇಡ, ಎಣ್ಣೆ ಬಿಡಿ, ಬೇಸಿಗೆ ಮುಗಿದ ಮೇಲೆ ಇನ್ನೊಮ್ಮೆ ಸಿ.ಟಿ. ಮಾಡೋಣ ಎಂದು ಡಾಕ್ಟರ್ ಕಳಿಸಿಕೊಟ್ಟರು. ಹತ್ತುವ ರೋಗವಲ್ಲ ಎಂದು ತಿಳಿದ ಮೇಲೆ ಭಾಸ್ಕರನ್ ಮೇಸ್ತ್ರಿತನವನ್ನು ಚಾತುವಿಗೇ ಬಿಟ್ಟ.

ಮೊದಲ ಬೆಂಕಿ ಬಾವಲಿ ಊರಿನ ಕಡೆಯ ಬಿದಿರಿಗೆ ಬಿತ್ತು. ಗುಂಪಿನಲ್ಲಿ ಎಣ್ಣೆ ಸೀಸೆ ಕೈಯಿಂದ ಕೈಗೆ ದಾಟಿ ಬಂತು. ಚಾತು ಅದನ್ನು ನೆಲಕ್ಕೆ ಸುರಿದ.

"ಮೂಗಿಗೆ ಎಣ್ಣೆ ಹಾಕಿದೋನು ನನ್ನ ಸಾಲಲ್ಲಿ ನಿಲ್ಲೋ ಹಂಗಿಲ್ಲ. ಬಟ್ಟೆ ಒದ್ದೆ ಮಾಡಿ ಮೂಗಿಗೆ ಕಟ್ಕೊಳ್ಳಿ."

"ಆಸ್ಪತ್ರೆಗೆ ಹೋಗಿದ್ದು ಪಾಠ ಕಲಿಯೋಕಾ ಮಾವ?" ಎಂದ ವಿಜಯನ್. "ಹೊಗೆ ಕುಡಿದು ನೀನೇ ಮೊದಲು ಬೀಳ್ತೀಯ."

"ಬಿದ್ರೆ ನೀನೇ ಮೇಸ್ತ್ರಿ. ನಡಿ."

ಹಸಿ ಸೊಪ್ಪು ಹಿಡಿದು ಅವನೇ ಮುಂದೆ ಹೋದ. ಹೊಗೆ ಮುಖಕ್ಕೆ ಬಡಿಯಿತು. ಕಣ್ಣೀರು ಸುರಿಯುವಷ್ಟು ಕೆಮ್ಮಿದ, ಉಗಿದ, ಬಟ್ಟೆ ಬಿಗಿದುಕೊಂಡು ಸೊಪ್ಪಿನಿಂದ ಬೆಂಕಿ ಹೊಡೆಯತೊಡಗಿದ. ಹಿಂದೆ ವಿಜಯನ್ ಕೂಡ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೆಮ್ಮುತ್ತಿದ್ದ.