ಹೊಳೆಯ ಎರಡು ಪದ್ಯಗಳು

"ಎರಡೂ ಪದ್ಯಗಳಲ್ಲಿ ಹೆತ್ತವರ ಪ್ರೀತಿಯು ಸಮಾನವಾಗಿ ವ್ಯಕ್ತವಾಗಿದೆ" ಎಂದು ಮೇಷ್ಟ್ರು ಗಟ್ಟಿಯಾಗಿ ಓದಿ, ಹಾಳೆಯನ್ನು ಮೇಜಿನ ಮೇಲಿಟ್ಟು, ಕನ್ನಡಕದ ಮೇಲಿಂದ ಕೊನೆಯ ಬೆಂಚಿನ ಕಡೆ ನೋಡಿದರು. ಅಲ್ಲಿ ಕೂತಿದ್ದವನು ಗ್ಯಾರೇಜಿನ ಮೆಕ್ಯಾನಿಕ್. ನಲವತ್ತರ ಹತ್ತಿರದ ಗಂಡಸು, ಗೈಡ್ ನೋಡಿ ಬರೆದು ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿದ. ಗೈಡ್ ನೋಡಿಯೇ ಬರೆದಿದ್ದ, ಅದರಲ್ಲಿ ಮುಚ್ಚುಮರೆ ಏನಿದೆ?

"ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತಲ್ಲಪ್ಪ. ಹೋಲಿಸಿ ಅಂತ ಕೇಳಿದ್ದೀನಿ. ನಿನಗೆ ಯಾರು ಸರಿ ಅನ್ನಿಸ್ತು, ಅದನ್ನ ಹೇಳು," ಎಂದರು ಮೇಷ್ಟ್ರು.

ಅದು ಸಂಜೆ ಶಾಲೆ. ಹಗಲು ಮಕ್ಕಳು ಕೂರುವ ಬೆಂಚುಗಳಲ್ಲಿ ಸಂಜೆ ಮಕ್ಕಳೊಂದಿಗರು ಮೊಣಕಾಲು ಮಡಚಿ ತುರುಕಿಕೊಂಡು ಕೂರುತ್ತಿದ್ದರು. ಎಂದೋ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ಈಗ ಕೆಲಸ ಖಾಯಂ ಆಗಲಿ, ಬಡ್ತಿ ಸಿಗಲಿ ಎಂದು ಮತ್ತೆ ಪುಸ್ತಕ ಹಿಡಿದವರು. ಪದ್ಯ ಅಂದರೆ ಅವರಿಗೆಲ್ಲ ಕಹಿ ಔಷಧ, ಮೂಗು ಮುಚ್ಚಿಕೊಂಡು ನುಂಗಿಬಿಟ್ಟರೆ ಆಯಿತು. ಆದರೆ ಆ ಶನಿವಾರ ಯಾರೂ ಗಡಿಯಾರ ನೋಡಲಿಲ್ಲ.

ಮೊದಲನೆಯ ಪದ್ಯದಲ್ಲಿ ಒಬ್ಬ ತಾಯಿ ಹೊಳೆಯಲ್ಲಿ ಕಂಬಳಿ ಒಗೆಯುತ್ತ ಮಗಳನ್ನು ಕರೆಯುತ್ತಾಳೆ. ನೀರು ಕೊರೆಯುತ್ತಿದೆ ಮಗಳೇ, ನಿನ್ನ ಕೈಯನ್ನೂ ಅದ್ದು, ನಾಳೆ ನೀನೂ ಇಳಿಯಬೇಕು ಎನ್ನುತ್ತಾಳೆ. ಎರಡನೆಯದರಲ್ಲಿ ಒಬ್ಬ ತಂದೆ ಪ್ರವಾಹದಲ್ಲಿ ಮಗನನ್ನು ಹೆಗಲ ಮೇಲೆ ಹೊತ್ತು ದಾಟುತ್ತಿದ್ದಾನೆ. ನೀರು ಕುತ್ತಿಗೆಗೆ ಬಂದಿದೆ. ಮಗನಿಗೆ ಮಾತ್ರ, ನನ್ನ ಪಾದವೂ ನೆನೆದಿಲ್ಲ ಕಂದ, ನೀನು ಮಲಗು ಎನ್ನುತ್ತಾನೆ.

ಮುಂದಿನ ಬೆಂಚಿನ ಬೇಕರಿಯವನು ತಂದೆಯ ಪರ ನಿಂತ. ತನ್ನಪ್ಪನೂ ಹಾಗೆಯೇ ಇದ್ದ, ಮನೆಯಲ್ಲಿ ಒಲೆ ಹಚ್ಚದ ದಿನವೂ ಜೋಕು ಹೇಳಿ ನಗಿಸಿ ಮಲಗಿಸುತ್ತಿದ್ದ, ಅದು ಸುಳ್ಳಾದರೆ ಅಂಥ ಸುಳ್ಳಿಗೆ ಕೈಮುಗಿಯುತ್ತೇನೆ ಎಂದ. ಹೇಳುತ್ತ ಹೇಳುತ್ತ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಯಾರೋ, ನಿನ್ನ ಬನ್ನಿನಲ್ಲಿ ಉಪ್ಪು ಜಾಸ್ತಿ ಯಾಕೆ ಅಂತ ಈಗ ಗೊತ್ತಾಯ್ತು ಎಂದು ರೇಗಿಸಿದರು. ಎಲ್ಲರೂ ನಕ್ಕರು.

ನಗದವಳು ಆಸ್ಪತ್ರೆಯ ಆಯಾ ಒಬ್ಬಳೇ. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. "ಆ ಮಗು ಹೆಗಲ ಮೇಲೆ ನಿದ್ದೆ ಮಾಡ್ತಿದೆ, ಸರಿ ಮೇಷ್ಟ್ರೇ. ಅಪ್ಪ ಮುಳುಗಿದ ಮೇಲೆ ಎಚ್ಚರ ಆಗತ್ತಲ್ಲ, ಆಗ ಅದು ಯಾರನ್ನ ಕೇಳಬೇಕು?" ಎಂದಳು.

ಅವಳು ಮೆಕ್ಯಾನಿಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವನೇ ಬೆವರಿದ. ಯಾಕೆಂದರೆ ಅವಳು ಕೆಲಸ ಮಾಡುವ ವಾರ್ಡಿನಲ್ಲೇ ಇವನ ಹೆಂಡತಿ ಮಲಗಿದ್ದಳು. ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಹೆಂಡತಿಗೂ ಅದು ಗೊತ್ತಿತ್ತು. ಮಗಳಿಗೆ ಹೇಳಬೇಡಿ, ಈ ಅವತಾರದಲ್ಲಿ ಅವಳು ನನ್ನನ್ನು ನೋಡಕೂಡದು ಎಂದು ಅವನ ಕೈಹಿಡಿದು ಮಾತು ತೆಗೆದುಕೊಂಡಿದ್ದಳು.

ಹಾಗಾಗಿ ಮನೆಯಲ್ಲಿ ಅವನು ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಬಳಸಿದ. ಗ್ಯಾರೇಜಿನಲ್ಲಿ ಇಂಜಿನ್ ಪೂರ್ತಿ ಕೆಟ್ಟು ಕೂತಿದ್ದರೂ ಗಿರಾಕಿಗೆ, ಸಣ್ಣ ಕೆಲಸ ಸಾರ್, ಸಂಜೆ ಬನ್ನಿ ಎನ್ನುವುದು ರೂಢಿ. ಸಂಜೆ ಬಂದರೆ, ಒಂದು ಪಾರ್ಟ್ ಬರಬೇಕು ಸಾರ್, ನಾಳೆ ಬನ್ನಿ. ಗಿರಾಕಿ ಬೈಯುತ್ತಾನೆ, ಆದರೂ ಬರುತ್ತಾನೆ. ಎಂಟು ವರ್ಷದ ಮಗಳಿಗೆ ಅವನು, ಅಮ್ಮ ಭಾನುವಾರ ಬರ್ತಾಳೆ ಎಂದ. ಆ ಭಾನುವಾರ ಕಳೆದ ಮೇಲೆ, ಮುಂದಿನ ಭಾನುವಾರ ಎಂದ. ಅವಳು ಗಿರಾಕಿಗಳ ಹಾಗೆ ಬೈಯಲೂ ಇಲ್ಲ. ಅದೇ ಅವನನ್ನು ಹೆಚ್ಚು ಚುಚ್ಚುತ್ತಿತ್ತು.

"ಏನಪ್ಪಾ, ಯಾರು ಸರಿ?" ಮೇಷ್ಟ್ರು ಮತ್ತೆ ಕೇಳಿದರು. ಅವನು ಎದ್ದು ನಿಂತ, ಗೊತ್ತಾಗ್ತಿಲ್ಲ ಮೇಷ್ಟ್ರೇ ಎಂದು ಕೂತುಬಿಟ್ಟ. ಮೇಷ್ಟ್ರು ಅವನ ಮುಖ ನೋಡಿ ಪುಸ್ತಕ ಮುಚ್ಚಿದರು.

ಕ್ಲಾಸು ಬಿಟ್ಟ ಮೇಲೆ ಶಾಲೆಯ ಗೇಟಿನ ಬಳಿ ಅಕ್ಕ ಅವನಿಗಾಗಿ ಕಾಯುತ್ತಿದ್ದಳು. ವಾರ್ಡಿಗೆ ಮಕ್ಕಳನ್ನು ಬಿಡಬಾರದು ಎಂಬುದು ನಿಯಮ, ಅದು ಇಬ್ಬರಿಗೂ ಗೊತ್ತು. "ನಾಳೆ ಬಾಗಿಲ ಹತ್ತಿರ ನಾನೇ ಇರ್ತೀನಿ. ಮುಂದಿನ ಭಾನುವಾರದ ಮಾತು ನಾನು ಹೇಳಲಾರೆ ಕಣಣ್ಣ," ಎಂದಳು. ಅವನು, ಹೆಂಡತಿಗೆ ಮಾತು ಕೊಟ್ಟಿದ್ದೀನಿ ಎಂದ. ಅದು ನಿಮ್ಮ ಗಂಡಹೆಂಡಿರ ವಿಚಾರ, ನಾನು ಬಾಗಿಲ ವಿಚಾರ ಹೇಳಿದೆ ಅಷ್ಟೆ ಎಂದು ಅವಳು ನಡೆದಳು.

ಬೆಳಿಗ್ಗೆ ಅವನು ಹಲ್ಲುಜ್ಜಿ ಬರುವಷ್ಟರಲ್ಲಿ ಮಗಳು ಒಗೆದ ಬಟ್ಟೆ ತೊಟ್ಟು ಹೊಸ್ತಿಲ ಮೇಲೆ ಕೂತಿದ್ದಳು. ಪ್ರತಿ ಭಾನುವಾರವೂ ಹಾಗೆಯೇ ಕೂರುತ್ತಿದ್ದಳು. ಅವನು ಪಕ್ಕದಲ್ಲಿ ಕುಕ್ಕರಿಸಿದ.

"ಗುಬ್ಬೀ, ಅಮ್ಮ ಇವತ್ತು ಬರಲ್ಲ."

"ಮುಂದಿನ ಭಾನುವಾರಾನಾ?"

ಹೂಂ ಎನ್ನುವುದಕ್ಕೆ ನಾಲಿಗೆ ತಾನಾಗಿಯೇ ಎದ್ದಿತ್ತು. ಅದನ್ನು ನುಂಗಿಕೊಂಡ.

"ಇಲ್ಲ ಕಂದ. ಅಮ್ಮಂಗೆ ವಾಸಿ ಆಗಲ್ವಂತೆ. ಅವಳು ಇನ್ನು ಮನೆಗೆ ಬರೋದೇ ಇಲ್ಲ."

ಮಗಳು ರಸ್ತೆಯ ಕಡೆಯಿಂದ ಮುಖ ತಿರುಗಿಸಿದಳು. ಮೆಲ್ಲಗೆ, "ನಾನು ಜಾಸ್ತಿ ಗಲಾಟೆ ಮಾಡ್ತೀನಿ ಅಂತಾನಾ?" ಎಂದಳು.

ಇಷ್ಟು ವಾರ ತಾನು ಕೂಸಿನ ನಿದ್ದೆ ಕಾಯುತ್ತಿದ್ದೇನೆ ಅಂದುಕೊಂಡಿದ್ದ. ಕೂಸು ಒಳಗೊಳಗೇ ತನ್ನ ತಪ್ಪು ಹುಡುಕುತ್ತಿತ್ತು. ಹೊಸ್ತಿಲ ಮೇಲೆಯೇ ಅವನು ಬಿಕ್ಕಿ ಬಿಕ್ಕಿ ಅತ್ತ. ನಿಂದೇನೂ ತಪ್ಪಿಲ್ಲ ಪುಟ್ಟಾ, ಸುಳ್ಳು ಹೇಳಿದ್ದು ನಾನು ಎಂದು ಮತ್ತೆ ಮತ್ತೆ ಹೇಳಿದ. ಎದುರು ಮನೆಯವರು ಕಿಟಕಿಯಿಂದ ಇಣುಕಿ ನೋಡಿ ಒಳಗೆ ಸರಿದರು. ಆಮೇಲೆ ಅಪ್ಪ ಮಗಳು ಇಬ್ಬರೂ ಮುಖ ತೊಳೆದುಕೊಂಡು ಬಸ್ಸು ಹತ್ತಿದರು.

ಅಕ್ಕ ಬಾಗಿಲು ತೆರೆದು, ಏನೂ ಕಾಣದವಳಂತೆ ಬಕೆಟ್ ಎತ್ತಿಕೊಂಡು ಆಚೆ ಹೋದಳು. ಹೆಂಡತಿ ಮೊದಲು ಅವನನ್ನು ನೋಡಿದಳು. ಆಮೇಲೆ ಅವನ ಮುಂದಿದ್ದ ಮಗಳನ್ನು ನೋಡಿದಳು. ಬೋಳಾದ ತಲೆಯ ಮೇಲೆ ದುಪ್ಪಟಿ ಎಳೆದುಕೊಂಡು, "ಮಾತು ಕೊಟ್ಟಿದ್ರಿ," ಎಂದಷ್ಟೇ ಹೇಳಿ ಗೋಡೆಯ ಕಡೆ ಹೊರಳಿದಳು. ಬೇರೆ ಮಂಚದವರೆಲ್ಲ ಇತ್ತಲೇ ನೋಡುತ್ತಿದ್ದರು. ಅವನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮಗಳು ಮಾತ್ರ ಮಂಚಕ್ಕೆ ಹೊಟ್ಟೆ ಒತ್ತಿಕೊಂಡು ನಿಂತೇ ಇದ್ದಳು.

ಗೋಡೆಯ ಕಡೆಯಿಂದಲೇ ಹೆಂಡತಿಯ ದನಿ ಬಂತು. "ಜಡೆ ಯಾರು ಹಾಕ್ತಾರೆ?"

"ನಾನೇ ಹಾಕ್ಕೋತೀನಿ. ಬರತ್ತೆ ನಂಗೆ."

ಅದನ್ನು ಆ ಬೆಳಿಗ್ಗೆ ಹಾಕಿದ್ದು ಪಕ್ಕದ ಮನೆಯ ಅಜ್ಜಿ. ಮೆಕ್ಯಾನಿಕ್ ಮಗಳ ನೆತ್ತಿಯನ್ನೇ ನೋಡಿದ.

"ರಾತ್ರಿ ಹೆದರ್ಕೊಳಲ್ವಾ?"

"ಇಲ್ಲಮ್ಮ. ಒಬ್ಬಳೇ ಮಲಗ್ತೀನಿ. ಒಂದು ದಿನಾನೂ ಅತ್ತಿಲ್ಲ."

ದಿನವೂ ನಡುರಾತ್ರಿ ಕಿರುಚಿಕೊಂಡು ಎದ್ದು, ಅವನ ಕುತ್ತಿಗೆಗೆ ಜೋತುಬಿದ್ದೇ ಅವಳು ಮತ್ತೆ ನಿದ್ದೆ ಹೋಗುತ್ತಿದ್ದುದು. ಹೆಂಡತಿ ನಿಧಾನವಾಗಿ ಇತ್ತ ಹೊರಳಿದಳು. ಮುಖದ ಬಿಗಿ ಸಡಿಲವಾಗಿತ್ತು. ದುಪ್ಪಟಿಯ ಒಳಗಿಂದ ಒಂದು ಕೈ ಬಂದು ಮಗಳ ಕೆನ್ನೆ ಸವರಿತು. ಜಾಣೆ ಕಣೇ ನೀನು ಎಂದಳು.

ಮಗಳ ಒಂದು ಕೈ ಬೆನ್ನ ಹಿಂದೆ ಅವನ ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ತಿರುಚುತ್ತಿತ್ತು. ಮೆಕ್ಯಾನಿಕ್ ಒಂದು ಹೆಜ್ಜೆ ಮುಂದೆ ಬಂದು, ಆ ಕೈ ಮಂಚದಿಂದ ಕಾಣದ ಹಾಗೆ ಮಗಳಿಗೆ ಒತ್ತಿಕೊಂಡು ನಿಂತ.