ಹೆಸರು ಮುಚ್ಚಿದ ತಟ್ಟೆ

ನಡುವೆ ತೂತಿರುವ ಒಂದು ದುಂಡು ಬಿಳಿ ಕಾಗದ, ಅಂಗೈಯಲ್ಲಿ ಹಿಡಿಸುವಷ್ಟು ಅಗಲ. ಆ ದಿನಗಳ ನೆನಪಾದಾಗ ನನಗೆ ಮೊದಲು ಕಾಣುವುದು ಈ ಕಾಗದವೇ, ಹಾಡು ಆಮೇಲೆ. ಗ್ರಾಮಫೋನ್ ತಟ್ಟೆಯ ನಡುವೆ, ಹಾಡಿದವರ ಹೆಸರು ಅಚ್ಚಾಗಿರುವ ಜಾಗಕ್ಕೆ ನಾವು ಇದನ್ನು ಅಂಟಿಸುತ್ತಿದ್ದೆವು. ಅಪರೂಪದ ತಟ್ಟೆ ಸಿಕ್ಕಿದವರು ಹೆಸರು ಮುಚ್ಚಿಯೇ ಸಭೆಗೆ ತರಬೇಕು, ಉಳಿದವರು ಬರೀ ಕಿವಿಯಿಂದ ಕೇಳಿ ತೀರ್ಪು ಕೊಡಬೇಕು ಎಂಬುದು ನಮ್ಮ ಕಟ್ಟಳೆ. ಸಭೆಯೆಂದರೆ ನಾವು ಮೂವರೇ.

ನಮ್ಮದು ಬಂದರಿನ ಊರು. ಹಡಗಿನ ಖಲಾಸಿಗಳು ದೂರದೇಶದ ತಟ್ಟೆಗಳನ್ನು ತಂದು ದಕ್ಕೆಯ ಹತ್ತಿರ ಮಾರುತ್ತಿದ್ದರು. ಅವುಗಳಲ್ಲಿ ನಮಗೆ ಬೇಕಾದದ್ದು ಸೋಲ್ ಸಂಗೀತ ಒಂದೇ. ಅಮೆರಿಕದ ಕಪ್ಪು ಜನ ಚರ್ಚಿನಲ್ಲಿ ದೇವರನ್ನು ಕರೆಯುತ್ತಿದ್ದ ದನಿಯಲ್ಲೇ ಪ್ರೀತಿಯನ್ನೂ ಸಂಕಟವನ್ನೂ ಹಾಡಿಕೊಂಡ ಹಾಡುಗಳವು. ಊರಿನ ಹಲ್ಲಿನ ಡಾಕ್ಟರ್ ಆಗ್ನೆಲ್ ಪಿಂಟೊ ಅವರ ದವಾಖಾನೆಯ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತಿದ್ದೆವು. ಇನ್ನೊಬ್ಬರು ಭೂಗೋಳ ಕಲಿಸುತ್ತಿದ್ದ ಗಟ್ಟಿ ಮಾಸ್ತರರು. ಮೂರನೆಯವಳು ನಾನು, ಹುಡುಗಿಯರ ಶಾಲೆಯ ಸಂಗೀತದ ಟೀಚರ್. ಆ ಇಬ್ಬರದ್ದಕ್ಕಿಂತ ನನ್ನ ಸಂಗ್ರಹವೇ ದೊಡ್ಡದು. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ. ಕಾಫಿ ಮಾಡುವ ಕೆಲಸವೂ ನನ್ನದಾಗಿರಲಿಲ್ಲ, ಮಾಸ್ತರರದಾಗಿತ್ತು.

ಪಿಂಟೊ ಅವರ ಕೋಣೆಯಲ್ಲಿ ಎರಡು ಕಪಾಟುಗಳಿದ್ದವು. ಎದೆಯೆತ್ತರದ ತೇಗದ ಕಪಾಟಿನಲ್ಲಿ, ನಾವು ಮೇಲಿನ ಕಪಾಟು ಎನ್ನುತ್ತಿದ್ದುದರಲ್ಲಿ, ಕಪ್ಪು ಗಾಯಕರು. ಬಾಗಿಲ ಬಳಿ, ಚಪ್ಪಲಿ ಬಿಡುವ ಜಾಗದ ಪಕ್ಕದ ಗಿಡ್ಡ ಕಪಾಟಿನಲ್ಲಿ ಸೋಲ್ ಹಾಡಿದ ಬಿಳಿಯರು. ಮಾಸ್ತರರಿಗೆ ಇದು ಮೈಯುರಿ. ಪ್ರತಿ ವಾರ ಜಗಳ ಅಲ್ಲಿಂದಲೇ ಹತ್ತಿಕೊಳ್ಳುತ್ತಿತ್ತು.

"ಅವರಿಗೆ ಗಂಟಲು ಇಲ್ಲ ಅಂತ ನಾನು ಹೇಳುದಿಲ್ಲ ಮಾರಾಯ್ರೆ," ಎನ್ನುತ್ತಿದ್ದರು ಪಿಂಟೊ. "ಆದ್ರೆ ಅದು ಬಾಡಿಗೆಗೆ ತಂದ ನೋವು. ಹಲ್ಲುನೋವು ಇದ್ದವ ಅಳುದು ಬೇರೆ, ಅವನನ್ನು ನೋಡಿದವ ಅಳುದು ಬೇರೆ."

"ಹಾಗಾದ್ರೆ ರಾವಣನ ವೇಷ ಹಾಕ್ಲಿಕ್ಕೆ ಹತ್ತು ತಲೆ ಬೇಕಾ ಡಾಕ್ಟ್ರೇ? ಸ್ವರಕ್ಕೆ ಎಂಥದ್ದು ಬಣ್ಣ?"

"ಬಣ್ಣ ಇಲ್ವಾ? ಕಪ್ಪಿನವ ಹಾಡಿದ ಹಾಡು ಮೂಲೆ ಅಂಗಡಿಯಲ್ಲಿ ಧೂಳು ತಿಂತದೆ. ಅದೇ ಹಾಡನ್ನು ಬಿಳಿಯವ ಹಾಡಿದ್ರೆ ಊರಿಡೀ ಮೆರವಣಿಗೆ. ಆಗ ಬಣ್ಣ ನೋಡಿದ್ದು ಯಾರು? ನಾನಾ?"

ಮಾಸ್ತರರು ಕಾಫಿಗೆ ಇನ್ನಷ್ಟು ಸಕ್ಕರೆ ಹಾಕುತ್ತಿದ್ದರು. ನನಗೆ ಇಬ್ಬರ ಮಾತೂ ಅರ್ಧರ್ಧ ಸರಿ ಅನ್ನಿಸುತ್ತಿತ್ತು. ಆದರೆ ಇಬ್ಬರೂ ಮುಂದೆ ನಿಂತು ಹಾಡಿದವರನ್ನು ಮಾತ್ರ ಕೇಳುತ್ತಿದ್ದರು. ಹಿಂದಿನಿಂದ ಬರುವ ಕೋರಸ್ ದನಿಗಳು ಅವರಿಗೆ ಗೋಡೆಯ ಸುಣ್ಣವಿದ್ದಂತೆ, ಇದ್ದರೂ ಕಾಣದು. ಆ ದನಿಗಳನ್ನು ಒಂದು ದಿನ ಇವರು ಕೇಳಿ, ತಲೆದೂಗಿ, ಮೇಲಿನ ಕಪಾಟಿನಲ್ಲಿ ಜಾಗ ಕೊಡಬೇಕು ಎಂಬುದು ನನ್ನ ಹಟವಾಗಿತ್ತು. ಹಟಕ್ಕೆ ಕಾರಣವೂ ಇತ್ತು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ.

ಕೆಳಗೆ ದವಾಖಾನೆಯಲ್ಲಿ ಪಿಂಟೊ ಬೇರೆಯೇ ಒಂದು ತಟ್ಟೆ ಇಟ್ಟುಕೊಂಡಿದ್ದರು. ನಳಿನಾಕ್ಷಿದೇವಿ ಎಂಬ ಗಾಯಕಿಯ ಹಳೆಯ ಕನ್ನಡ ಹಾಡು. ರೋಗಿಯ ಹೆದರಿಕೆ ಇಳಿಯಲೆಂದು ಅದನ್ನು ಹಾಕಿ, ಕೊನೆಯ ಚರಣದಲ್ಲಿ ಸ್ವರ ಥಟ್ಟನೆ ಮೇಲೇರುವ ಕಡೆ ಸರಿಯಾಗಿ ಇಕ್ಕಳ ಹಾಕುತ್ತಿದ್ದರು. "ಆ ಜಾಗದಲ್ಲಿ ಯಾರಿಗೂ ನೋವಾಗುದಿಲ್ಲ," ಎಂದು ಅವರ ನಂಬಿಕೆ. ನನ್ನ ದವಡೆ ಹಲ್ಲನ್ನು ಕಿತ್ತದ್ದೂ ಅಲ್ಲಿಯೇ. ನನ್ನ ಕಣ್ಣಲ್ಲಿ ನೀರು ಕಂಡು, "ನೋವಾಯ್ತಾ?" ಎಂದು ಗಾಬರಿಯಿಂದ ಕೇಳಿದ್ದರು. ಬಾಯಿ ತುಂಬ ಹತ್ತಿ ಇತ್ತು. ಇಲ್ಲವೆಂದು ತಲೆಯಾಡಿಸಿದ್ದೆ.

ಒಂದು ಭಾನುವಾರ ನಾನು ಹೆಸರು ಮುಚ್ಚಿದ ಚಿಕ್ಕ ತಟ್ಟೆಯೊಂದನ್ನು ಒಯ್ದೆ. ಅದರ ಕವಚವನ್ನು ಚೀಲದಲ್ಲೇ ಬಚ್ಚಿಟ್ಟಿದ್ದೆ. ಪಿಂಟೊ ಮುಳ್ಳು ಇಳಿಸಿ, ಕಣ್ಣುಮುಚ್ಚಿ ಕುಳಿತರು. ಹೆಂಗಸಿನ ದನಿ. ಎರಡು ಚರಣ ಮುಗಿದು ಮೂರನೆಯದರ ಕೊನೆಗೆ ಬರುವಾಗ ಒಂದು ಸ್ವರ ಮೇಲೆದ್ದು, ಅಲ್ಲೇ ತಡೆದು ನಿಂತು, ನಿಧಾನವಾಗಿ ಒಡೆಯಿತು. ಪಿಂಟೊ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಕಪ್ಪಿನವಳು," ಎಂದರು, ಹಾಡು ಮುಗಿದ ಮೇಲೆ. "ಹತ್ತು ಜನ ಬಂದು ಅಲ್ಲ ಅಂದ್ರೂ ನಾನು ಕೇಳುದಿಲ್ಲ. ಮೇಲಿನ ಕಪಾಟು. ಕೇಳಿದ್ರಾ ಮಾಸ್ಟ್ರೇ? ನಿಮ್ಮ ಬಿಳಿಯವರು ಇದನ್ನು ಏಳು ಜನ್ಮಕ್ಕೂ ಹಾಡ್ಲಿಕ್ಕಿಲ್ಲ."

ನಾನು ಕಾಗದವನ್ನು ಸುಲಿದು, ಕವಚವನ್ನು ಹೊರತೆಗೆದು ಮೇಜಿನ ಮೇಲಿಟ್ಟೆ. ಕವಚದ ತುಂಬ ಹಳದಿ ಕೂದಲಿನ ಬಿಳಿ ಹುಡುಗಿಯೊಬ್ಬಳು ನಗುತ್ತಿದ್ದಳು.

ಮಾಸ್ತರರು ಕುಣಿದಾಡಿಬಿಟ್ಟರು. ಕಾಫಿ ಚೆಲ್ಲಿತು. "ಗೆದ್ದೆ! ಆ ಚಪ್ಪಲಿ ಕಪಾಟನ್ನು ಇವತ್ತೇ ಒಲೆಗೆ ಹಾಕಿ ಡಾಕ್ಟ್ರೇ!" ಪಿಂಟೊ, ತಮ್ಮ ಕಿವಿಯ ಮೇಲೆ ಅಷ್ಟು ಅಭಿಮಾನವಿದ್ದ ಮನುಷ್ಯ, ಮುಖ ಬಿಳಿಚಿಕೊಂಡು ಕೂತಿದ್ದರು. ನನಗೆ ಪಾಪ ಅನ್ನಿಸಿತು, ಆದರೆ ಬಿಡುವ ಹಾಗಿರಲಿಲ್ಲ.

"ಇಬ್ಬರೂ ಸೋತಿದ್ದೀರಿ," ಎಂದೆ. "ಡಾಕ್ಟ್ರೇ, ನೀವು ಎದೆ ಮೇಲೆ ಕೈ ಇಟ್ಟದ್ದು ಎಲ್ಲಿ?"

"ಕೊನೆಗೆ. ಆ ಮೇಲಿನ ಸ್ವರ ಬಂದಾಗ."

"ಅಲ್ಲಿಗೇ ಮುಳ್ಳು ಇಡಿ. ಈಗ ಸರಿಯಾಗಿ ಕೇಳಿ. ಹುಡುಗಿ ಅಲ್ಲಿಗೆ ನಿಲ್ಲಿಸಿ ಉಸಿರು ತಗೊಳ್ತಾಳೆ. ಆ ಉಸಿರು ಹತ್ತಿರದ್ದು. ಸ್ವರ ಮಾತ್ರ ದೂರದ್ದು, ಮೈಕಿನಿಂದ ಹಿಂದೆ ನಿಂತವಳದ್ದು. ಅದು ಇವಳದ್ದಲ್ಲವೇ ಅಲ್ಲ."

ಕವಚವನ್ನು ತಿರುಗಿಸಿದೆ. ಹಿಂಬದಿಯಲ್ಲಿ ಮಸುಕಾದ ಚಿತ್ರ: ಮುಂದೆ ಮೈಕಿನೆದುರು ಆ ಹುಡುಗಿ, ಹಿಂದೆ ಒಬ್ಬರಿಗೊಬ್ಬರು ತಲೆ ತಾಗಿಸಿ ನಿಂತ ಮೂವರು ಕಪ್ಪು ಹೆಂಗಸರು. ಪಿಯಾನೊ ಬಾರಿಸಿದವನ ಹೆಸರಿತ್ತು, ಚಿತ್ರ ತೆಗೆದವನ ಹೆಸರಿತ್ತು. ಆ ಮೂವರ ಹೆಸರಿರಲಿಲ್ಲ.

ಪಿಂಟೊ ಆ ಜಾಗವನ್ನು ಮತ್ತೆ ಮತ್ತೆ ಹಾಕಿ ಕೇಳಿದರು. ಆಮೇಲೆ ನನ್ನತ್ತ ನೋಡಿ, "ಹೌದು. ಆದ್ರೆ ನಿಮಗೆ ಹೇಗೆ ಗೊತ್ತಾಯ್ತು?" ಎಂದರು.

"ನಾನೂ ಅಲ್ಲೇ ನಿಂತವಳು, ಅದಕ್ಕೆ," ಎಂದೆ.

ಇಬ್ಬರಿಗೂ ಅರ್ಥವಾಗಲಿಲ್ಲ. ನಾನು ಎದ್ದು ನಿಂತೆ. ಕೈಬಳೆಗಳನ್ನು ಕಳಚಿ ಮೇಜಿನ ಮೇಲಿಟ್ಟೆ. ಕಣ್ಣುಮುಚ್ಚಿ, ಕೆಳಗಿನ ದವಾಖಾನೆಯ ಆ ಕನ್ನಡ ಹಾಡಿನ ಕೊನೆಯ ಚರಣವನ್ನು ಎತ್ತಿಕೊಂಡೆ. ವಯಸ್ಸಾಗಿತ್ತು, ಶಾಲೆಯ ಮಕ್ಕಳೊಡನೆ ಕೂಗಿ ಕೂಗಿ ಗಂಟಲು ಒರಟಾಗಿತ್ತು. ಆದರೂ ಆ ಏರು ಬಂದಾಗ ಸ್ವರ ತಾನೇ ದಾರಿ ಹಿಡಿದು ಮೇಲಕ್ಕೆ ಹೋಯಿತು. ಕಣ್ಣು ತೆರೆದಾಗ ಪಿಂಟೊ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೂತಿದ್ದರು, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ.

ಆಗ ಹೇಳಿದೆ. ಶಾಲೆಗೆ ಸೇರುವ ಮೊದಲು ನಾನು ರೆಕಾರ್ಡಿಂಗ್ ಕಂಪನಿಯೊಂದರಲ್ಲಿ ಕೋರಸ್ ಹಾಡುತ್ತಿದ್ದೆ. ಕೋರಸ್ಸಿನ ಹುಡುಗಿಯರಿಗೆಂದು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಸದ್ದಾಗದಂತೆ ಬಳೆ ತೆಗೆದಿಡಬೇಕು, ಗೆರೆ ದಾಟಬಾರದು. ಈ ಹಾಡಿನ ರೆಕಾರ್ಡಿಂಗ್ ದಿನ ನಳಿನಾಕ್ಷಿದೇವಿಗೆ ಗಂಟಲು ಕಟ್ಟಿತ್ತು. ಮೇಲಿನ ಸ್ವರ ಬರುವಾಗ ನಿರ್ದೇಶಕರು ನನ್ನತ್ತ ಕೈಮಾಡಿದರು. ಗೆರೆಯ ಹಿಂದಿನಿಂದಲೇ ಹಾಡಿದೆ. ಹಾಡು ಮನೆಮನೆಗೆ ಹೋಯಿತು. ತಟ್ಟೆ ಬಂದ ದಿನ ಅಂಗಡಿಗೆ ಓಡಿಹೋಗಿ ನೋಡಿದ್ದೆ. ನಡುವೆ ಒಂದೇ ಹೆಸರಿತ್ತು. ನನ್ನ ಹೆಸರೂ ಅಲ್ಲಿರಬೇಕೆಂದು ನನಗೆ ಆಸೆಯಿತ್ತು, ತುಂಬ ಆಸೆಯಿತ್ತು. ಕೇಳಲು ಮಾತ್ರ ಹೋಗಲಿಲ್ಲ, ಬೇಡುವ ಜಾಯಮಾನ ನನ್ನದಲ್ಲ.

"ಇಷ್ಟು ವರ್ಷ ಒಟ್ಟಿಗೆ ಕೂತು ಹೇಳ್ಲಿಲ್ಲ ಯಾಕೆ?" ಪಿಂಟೊ ಕೇಳಿದರು.

"ಹೆಸರು ಮುಚ್ಚಿದಾಗ ಕಿವಿಯೇ ಹೇಳ್ಬೇಕು ಅಂತ ಅಲ್ವಾ ನಮ್ಮ ಕಟ್ಟಳೆ? ನಾನು ಬಾಯಿ ಬಿಟ್ಟರೆ ಅದನ್ನು ಮುರಿದ ಹಾಗೆ."

ಮಾಸ್ತರರು ಚೆಲ್ಲಿದ ಕಾಫಿಯನ್ನು ಒರೆಸುತ್ತ, "ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳುದಾ? ಮದ್ದು ಹುಡುಕ್ಲಿಕ್ಕೆ ನಾವು ಸಮುದ್ರದ ಆಚೆಗೆ ಹೋದದ್ದು," ಎಂದರು. ಗೆಲುವಿನ ಗಲಾಟೆಯೆಲ್ಲ ಅವರಿಂದ ಇಳಿದುಹೋಗಿತ್ತು.

ಪಿಂಟೊ ಎದ್ದರು. ಬಿಳಿ ಹುಡುಗಿಯ ತಟ್ಟೆಯನ್ನು ಕವಚಕ್ಕೆ ಹಾಕಿ, ಮೂವರು ಹೆಂಗಸರಿರುವ ಬದಿ ಮುಂದೆ ಮಾಡಿ, ಮೇಲಿನ ಕಪಾಟಿನ ನಟ್ಟನಡುವೆ ನಿಲ್ಲಿಸಿದರು. "ಇದು ಆ ಮೂವರ ತಟ್ಟೆ. ಹುಡುಗಿಯೂ ಇರ್ಲಿ, ಅವರ ಜೊತೆಗೆ," ಎಂದರು. ಪಿಂಟೊ ಕೆಳಗಿಳಿದು ಹೋಗಿ ನಳಿನಾಕ್ಷಿದೇವಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಔಷಧಿ ಚೀಟಿಯ ಖಾಲಿ ಬದಿಯನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದು, ಅಂಟು ಹಚ್ಚಲು ಹೊರಟರು.

ನಾನು ತಡೆದೆ. ಕತ್ತರಿ ತೆಗೆದುಕೊಂಡು ಕಾಗದದಲ್ಲಿ ತೂತಿನ ಮೇಲಿದ್ದ ಖಾಲಿ ಅರ್ಧವನ್ನು ಕತ್ತರಿಸಿ ತೆಗೆದೆ.

"ಅವಳ ಹೆಸರು ಮುಚ್ಚುವುದು ಬೇಡ. ಉಳಿದದ್ದೆಲ್ಲ ಅವಳು ಚೆನ್ನಾಗಿಯೇ ಹಾಡಿದ್ದಾಳೆ. ಕೆಳಗೆ ಅಂಟಿಸಿ, ಸಾಕು."

ಅರ್ಧಚಂದ್ರದಂತಹ ಆ ತುಂಡನ್ನು ಅವರು ಅವಳ ಹೆಸರಿನ ಕೆಳಗೆ ಅಂಟಿಸಿ, ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದರು. ತಟ್ಟೆ ಹಾಕಿದರು. ತಿರುಗುವ ತಟ್ಟೆಯ ನಡುವೆ ಒಂದು ಬಿಳಿ ಮಬ್ಬು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕೊನೆಯ ಸ್ವರ ಮೇಲೇರಿ ನಿಂತು ಇಳಿಯಿತು, ಪಿಂಟೊ ಮುಳ್ಳನ್ನೆತ್ತಿದರು. ತಟ್ಟೆ ನಿಧಾನವಾಗುತ್ತ ಹೋದಂತೆ ಆ ಮಬ್ಬಿನೊಳಗಿಂದ ಅಕ್ಷರಗಳು ಒಂದೊಂದಾಗಿ ಬಿಡಿಸಿಕೊಂಡು ಬಂದು, ಪೂರ್ತಿ ನಿಂತಾಗ, ನನ್ನ ಹೆಸರಾದವು.