ತಟ್ಟೆಯಂಚಿನ ಬಿಸ್ಕತ್ತು

ಎರ್ಮೆತೆ ಬ್ರುಸಾದಿನ್ ಕಾಫಿಯ ಜೊತೆ ಬರುವ ಬಿಸ್ಕತ್ತನ್ನು ಎಂದೂ ತಿನ್ನುತ್ತಿರಲಿಲ್ಲ. ಇವೊನ್ನೆ ತನ್ನ ಅಂಗಡಿಯಲ್ಲಿ ಕಪ್ಪು ತಂದಿಟ್ಟ ಕೂಡಲೇ ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ, ಮಾತಿಲ್ಲದೆ, ನನ್ನ ತಟ್ಟೆಗೆ ದಾಟಿಸುತ್ತಿದ್ದ. ನಾನು ತಿನ್ನುತ್ತಿದ್ದೆ. ಕಾಲ್ವೆರ್ನಾ ಫುಟ್‌ಬಾಲ್ ತಂಡಕ್ಕೆ ಅವನು ಕೋಚ್, ಊರವರ ಬಾಯಲ್ಲಿ 'ಮಿಸ್ಟರ್'; ನಾನು ಅವನ ಸಹಾಯಕ. ನಮ್ಮ ಬೆಳಗು ಶುರುವಾಗುತ್ತಿದ್ದುದೇ ಹೀಗೆ.

ಬ್ರುಸಾದಿನ್ ಒಂದು ಕಾಲದಲ್ಲಿ ರೊವೇದಾ ತಂಡದ ಸ್ಟ್ರೈಕರ್. ತಲೆಯಿಂದ ಹೊಡೆದ ಗೋಲುಗಳೇ ಹೆಚ್ಚು. ಮುರಿದು ಕೂಡಿದ ಮೂಗು ಎಡಕ್ಕೆ ವಾಲಿತ್ತು. ಆದರೆ ಜನ ನೆನಪಿಟ್ಟುಕೊಂಡದ್ದು ಅವನು ಹೊಡೆಯದ ಒಂದು ಗೋಲನ್ನು. ಅದು ಋತುವಿನ ಕೊನೆಯ ಪಂದ್ಯ. ಡ್ರಾ ಆದರೆ ಎರಡೂ ತಂಡಗಳು ಲೀಗಿನ ಅದೇ ದರ್ಜೆಯಲ್ಲಿ ಉಳಿಯುತ್ತಿದ್ದವು. ಕೊನೆಯ ಗಳಿಗೆಯಲ್ಲಿ ಕೀಪರ್ ಜಾರಿ ಬಿದ್ದಿದ್ದ, ಗೋಲು ತೆರೆದಿತ್ತು. ಬ್ರುಸಾದಿನ್ ಒದ್ದ ಚೆಂಡು ಅಡ್ಡಪಟ್ಟಿಯ ಮೇಲಿಂದ ಹಾರಿಹೋಯಿತು. ಇಬ್ಬರಿಗೂ ಲಾಭವಾಗುವಂತೆ ಒಳಗೊಳಗೇ ಹೊಂದಿಸಿಕೊಂಡ ಪಂದ್ಯಕ್ಕೆ ನಮ್ಮಲ್ಲಿ ಬಿಸ್ಕತ್ತು ಎನ್ನುತ್ತಾರೆ. ವಿಚಾರಣೆ ನಡೆದು ಏನೂ ಸಿಗಲಿಲ್ಲ. ಸಿಗದಿದ್ದುದೇ ಜನರಿಗೆ ಸಾಕ್ಷಿಯಾಯಿತು. ಆಮೇಲೆ ಅವನು ಆಡಿದ ಊರುಗಳಲ್ಲೆಲ್ಲ ಅಂಗಳಕ್ಕೆ ಬಿಸ್ಕತ್ತು ತೂರಿ ಬರುತ್ತಿದ್ದವು.

ನನ್ನನ್ನು ಸಹಾಯಕನಾಗಿ ಕರೆದ ದಿನ ಅವನು ಹೇಳಿದ್ದು ಒಂದೇ ಮಾತು: "ದೆಲ್ಫೊ, ನೀನೊಬ್ಬ ಅದರ ಬಗ್ಗೆ ಕೇಳ್ಲಿಲ್ಲ." ನಾನು ಅದಾದ ಮೇಲೂ ಕೇಳಲಿಲ್ಲ.

ಈ ವರ್ಷ ಋತುವಿನ ಕೊನೆಯ ಭಾನುವಾರ ನಮಗೆ ಬಂದ ಎದುರಾಳಿ ಅದೇ ರೊವೇದಾ. ಸೋತವರು ಕೆಳದರ್ಜೆಗೆ. ಡ್ರಾ ಆದರೆ ಇಬ್ಬರೂ ಬಚಾವ್. ಆಗ ಬೀಳುವುದು ಬೇರೆಲ್ಲೋ ಆಡುತ್ತಿದ್ದ ವಾಲ್ಬೊನಾ ತಂಡ.

"ಏನಪ್ಪಾ ದೆಲ್ಫೊ, ಒಲೆ ಬಿಸಿಯಾಯ್ತಾ?" ಎಂದ ನೇವಿಯೊ. ಇವೊನ್ನೆಯ ಅಂಗಡಿಯ ಮೂಲೆಯಲ್ಲಿ ಇಸ್ಪೀಟು ಹಿಡಿದೇ ಮುದುಕನಾದವನು.

"ಯಾವ ಒಲೆ?"

"ಅಯ್ಯೋ, ಹಸುಗೂಸು ನೋಡು! ಬೇಯಿಸೋನು ನಿಮ್ಮ ಮಿಸ್ಟರ್, ತಿನ್ನೋರು ನಾವು. ನಮಗೇನು ಹಲ್ಲಿಲ್ವಾ?"

"ಬಾಯ್ಮುಚ್ಚೋ ನೇವಿಯೊ, ಅವನು ಬರೋ ಹೊತ್ತು," ಎಂದಳು ಇವೊನ್ನೆ.

"ಬರ್ಲಿ ಬಿಡೇ. ಬೈತಿದೀನಾ ನಾನು? ಹೊಗಳ್ತಿದೀನಿ. ಅನುಭವಸ್ಥ ಕಣೇ ಅವನು!"

ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ.

ಅದೇ ಸಂಜೆ ಅಮ್ಮನ ಸಮಾಧಿಯ ಹೂ ಬದಲಿಸಲು ಹೋದಾಗ ಸ್ಮಶಾನದ ಹಿಂಗೋಡೆಯ ಬಳಿ ಒಂದು ಕಾರು ನಿಂತಿರುವುದು ಕಂಡಿತು. ಒಳಗೆ ಬ್ರುಸಾದಿನ್. ಪಕ್ಕದಲ್ಲಿ ಗ್ವಾಲ್ತಿಯೇರೊ. ಒಂದು ಕಾಲದಲ್ಲಿ ಅವನ ಜೊತೆ ಆಡಿದವನು, ಈಗ ರೊವೇದಾದ ಕೋಚ್. ಇಬ್ಬರೂ ಪರಸ್ಪರ ನೋಡದೆ ಗಾಜಿನಾಚೆ ನೋಡುತ್ತ ಮಾತಾಡುತ್ತಿದ್ದರು. ಬಾಡಿದ ಹೂ ಕೈಯಲ್ಲಿ ಹಿಡಿದು ನಾನು ಸೈಪ್ರೆಸ್ ಮರದ ಹಿಂದೆ ಸರಿದೆ. ಯಾಕೆ ಸರಿದೆನೋ.

ಮರುದಿನ ಬಿಸ್ಕತ್ತು ನನ್ನ ತಟ್ಟೆಗೆ ಬಂದಿತು.

"ನಿನ್ನೆ ಸಂಜೆ ಮನೇಲೇ ಇದ್ದ್ಯಾ?" ಎಂದೆ.

"ಹೂಂ," ಎಂದ.

ಆ ಒಂದು ಅಕ್ಷರ ವಾರವಿಡೀ ನನ್ನೊಳಗೆ ಕೊಳೆಯಿತು. ತರಬೇತಿಯಲ್ಲಿ ಅವನ ಪ್ರತಿ ಮಾತನ್ನೂ ತಿರುವಿ ಹಿಂಬದಿ ನೋಡತೊಡಗಿದೆ. "ನಿಧಾನ ಆಡಿ" ಎಂದರೆ ಯಾಕೆ ನಿಧಾನ? "ಗೋಲಿಗೆ ಒದೀರೋ" ಎಂದು ಕಿರುಚಿದರೆ, ಇಷ್ಟು ಜೋರಾಗಿ ಯಾರಿಗೆ ಕೇಳಲಿ ಎಂದು? ಕೆಳದರ್ಜೆಗೆ ಬೀಳುವ ಭಯ ಊರಿಗೆ. ನನಗೆ ಇವನು ಬಿದ್ದುಹೋಗುತ್ತಾನೆಂಬ ಭಯ. ನನ್ನ ಬಳಿ ಇದ್ದದ್ದು ಇವನೊಬ್ಬನೇ.

ಭಾನುವಾರ ಎರಡೂ ತಂಡಗಳು ಚೆಂಡನ್ನು ಮೊಟ್ಟೆಯಂತೆ ಜೋಪಾನ ಮಾಡಿದವು. ಯಾರೂ ಗೋಲು ಹೊಡೆಯಲಿಲ್ಲ. ಹಿಂದಕ್ಕೆ ಕೊಟ್ಟ ಪ್ರತಿ ಪಾಸಿಗೂ ನಮ್ಮ ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಬ್ರುಸಾದಿನ್ ಬೆಂಚಿನಿಂದ ಲೋರಿಸ್‌ನನ್ನು ಎಬ್ಬಿಸಿದ. ಕೂದಲು ಉದುರಿದ, ಮುಂದಿನ ವರ್ಷದ ಕರಾರಿಲ್ಲದ ಸ್ಟ್ರೈಕರ್. ಅವನ ಕುತ್ತಿಗೆ ಬಳಸಿ ಕಿವಿಯಲ್ಲಿ ಏನೋ ಹೇಳಿದ. ನನಗೆ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ರೊವೇದಾದ ರಕ್ಷಕನೊಬ್ಬನ ಕಾಲಿಂದ ಚೆಂಡು ಜಾರಿತು. ಲೋರಿಸ್ ಒಬ್ಬನೇ ನುಗ್ಗಿದ. ಅವನು ಒದ್ದ. ಚೆಂಡು ಅಡ್ಡಪಟ್ಟಿಯ ಮೇಲಿಂದ ಹಾರಿಹೋಯಿತು.

ಪಂದ್ಯ ಡ್ರಾ ಆಗಿ ಮುಗಿಯಿತು, ಜನ ಕುಣಿದರು. ಯಾರೋ ಪ್ರೀತಿಯಿಂದಲೇ ಒಂದು ಪೊಟ್ಟಣ ಬಿಸ್ಕತ್ತನ್ನು ಬ್ರುಸಾದಿನ್ನನ ಕಾಲಬುಡಕ್ಕೆ ಎಸೆದರು. ಅವನು ಅದನ್ನು ನೋಡುತ್ತ ನಿಂತ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಲೋರಿಸ್ ಮುಖಕ್ಕೆ ಟವೆಲ್ ಹೊದ್ದು ಕೂತಿದ್ದ. ಬೇರೆಯವರು ಹೊರಗೆ ಹಾಡುತ್ತಿದ್ದರು. ನಾನು ಪಕ್ಕ ಕೂತೆ.

"ಮಿಸ್ಟರ್ ಕಿವೀಲಿ ಏನು ಹೇಳಿದ?"

"ಬಿಡು ಮಾರಾಯ."

"ಹೇಳೋ. ಮೇಲೆ ಹೊಡಿ ಅಂದ್ನಾ?"

ಅವನು ಟವೆಲ್ ಎಳೆದ. ಕಣ್ಣು ಕೆಂಪಾಗಿತ್ತು. "ತಲೆ ಕೆಟ್ಟಿದ್ಯಾ ನಿಂಗೆ? ಕೆಳಗೆ ಹೊಡಿ ಅಂದ. ನೆಲಕ್ಕೆ ಅಂಟಿಸಿ ಹೊಡಿ, ಮೇಲೆ ಹೋದ್ರೆ ಸಾಯೋವರೆಗೂ ಯಾರೂ ನಂಬಲ್ಲ ಅಂದ. ಅದೇ ತಲೇಲಿ ಕೂತ್ಬಿಡ್ತು ನೋಡು. ಒದಿಯೋವಾಗ ಕಾಲು ನಡುಗಿಹೋಯ್ತು."

ಬಾಗಿಲ ಕಡೆ ನೋಡಿದೆ. ಬ್ರುಸಾದಿನ್ ಅಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

ಮರುದಿನ ಬೆಳಿಗ್ಗೆ ಇವೊನ್ನೆ ಎಂದಿನಂತೆ ಎರಡು ಕಪ್ಪು ತಂದಿಟ್ಟಳು. ಮೂಲೆಯಲ್ಲಿ ನೇವಿಯೊ ಎದ್ದು ಟೋಪಿ ತೆಗೆದು ಬಗ್ಗಿದ. ಬ್ರುಸಾದಿನ್ ಅವನ ಕಡೆ ನೋಡಲಿಲ್ಲ.

"ನೀನು ನಮ್ಮನ್ನ ಸ್ಮಶಾನದ ಹತ್ರ ನೋಡಿದ್ದೆ, ಅಲ್ವಾ?" ಎಂದ.

ನಾನು ತಲೆಯಾಡಿಸಿದೆ.

"ಗ್ವಾಲ್ತಿಯೇರೊ ಡ್ರಾ ಕೇಳೋಕೆ ಬಂದಿದ್ದ. ಆಗಲ್ಲ ಅಂದೆ, ಆದ್ರೆ ದೂರು ಕೊಡ್ಲಿಲ್ಲ. ನಿಂಗೆ ಹೇಳಿದ್ರೆ ನೀನೂ ಫುಟ್‌ಬಾಲ್ ಸಂಘಕ್ಕೆ ದೂರು ಕೊಡ್ಬೇಕಾಗ್ತಿತ್ತು. ಕೊಡದಿದ್ರೆ ನಿಂಗೂ ನಿಷೇಧ. ಅದಕ್ಕೇ ಮನೇಲಿದ್ದೆ ಅಂದೆ."

"ಎರ್ಮೆತೆ..."

"ನನ್ನನ್ನೇ ಕೇಳ್ಬೋದಿತ್ತಲ್ಲೋ." ದನಿಯಲ್ಲಿ ಸಿಟ್ಟಿರಲಿಲ್ಲ. "ಇಷ್ಟು ವರ್ಷ ನೀನು ಕೇಳ್ಲಿಲ್ಲ. ನಂಬ್ತೀಯ, ಅದಕ್ಕೇ ಕೇಳಲ್ಲ ಅಂದ್ಕೊಂಡಿದ್ದೆ."

ನನ್ನ ಮೌನದ ಅರ್ಥ ಏನಿತ್ತು ಎಂದು ನನಗೂ ಅದುವರೆಗೆ ಗೊತ್ತಿರಲಿಲ್ಲ. ಹಳೆಯ ಆ ಹೊಡೆತ ಬೇಕೆಂದೇ ತಪ್ಪಿಸಿದ್ದು ಎಂದು ಒಳಗೆಲ್ಲೋ ತೀರ್ಮಾನಿಸಿ, ಅದನ್ನು ಕ್ಷಮಿಸಿ, ಆ ಕ್ಷಮೆಯನ್ನೇ ಸ್ನೇಹವೆಂದು ಕರೆದುಕೊಂಡಿದ್ದೆನೇ?

ಅವನು ತಟ್ಟೆಯಂಚಿನ ಬಿಸ್ಕತ್ತನ್ನು ಎರಡು ಬೆರಳಲ್ಲಿ ಎತ್ತಿದ. ಅಭ್ಯಾಸದಿಂದ ನನ್ನ ತಟ್ಟೆ ತುಸು ಮುಂದೆ ಸರಿಯಿತು. ಅವನು ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿದ. ಕಿಟಕಿಯಾಚೆಯ ಖಾಲಿ ಚೌಕವನ್ನು ನೋಡುತ್ತ, ನಿಧಾನವಾಗಿ, ಪೂರ್ತಿ ತಿಂದ.